ಎರಡನೇ ಸಾಲಿನಲ್ಲಿ ನಿಂತವರು



ಶಾಲೆಯ ಕ್ರೀಡಾಕೂಟ ಮುಗಿದ ಮೇಲಿನ ದೃಶ್ಯವನ್ನು ನಾವೆಲ್ಲರೂ ಕಂಡಿದ್ದೇವೆ. ಗೆದ್ದ ಮಕ್ಕಳು ಕಪ್ಪನ್ನು ಎತ್ತಿ ಹಿಡಿದು ಫೋಟೋಗೆ ನಿಲ್ಲುತ್ತಾರೆ. ಪಕ್ಕದಲ್ಲಿ ಮುಖ್ಯ ಅತಿಥಿಗಳು, ಮುಖ್ಯೋಪಾಧ್ಯಾಯರು. ಅತ್ತ ಮೈದಾನದ ಮೂಲೆಯಲ್ಲಿ ಪಿ.ಟಿ. ಮಾಸ್ತರು ಚೆಂಡುಗಳನ್ನು ಎಣಿಸಿ ಚೀಲಕ್ಕೆ ತುಂಬುತ್ತಿರುತ್ತಾರೆ. ಅವರಿಗೆ ಸಹಾಯಕ್ಕೆ ನಿಂತ ಹಳೆಯ ವಿದ್ಯಾರ್ಥಿಯೊಬ್ಬ ಬಲೆ ಬಿಚ್ಚುತ್ತಿರುತ್ತಾನೆ. ಮರುದಿನ ಪತ್ರಿಕೆಯಲ್ಲಿ ಬರುವ ಚಿತ್ರದಲ್ಲಿ ಈ ಇಬ್ಬರೂ ಇರುವುದಿಲ್ಲ.

ಈ ತಿಂಗಳು ನಾವು ಅಂಥ ಜನರ ಕಥೆಯೊಂದನ್ನು ನಿಮ್ಮ ಮುಂದೆ ಇಡಬೇಕೆಂದಿದ್ದೇವೆ. ಇದು ದೂರದ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ, ಅಂದರೆ ಯು.ಸಿ.ಎಲ್.ಎ.ಯ, ಮಹಿಳಾ ಸಾಫ್ಟ್‌ಬಾಲ್ ತಂಡದ ತರಬೇತುದಾರರ ಕಥೆ. 1975ರಿಂದ 2025ರವರೆಗಿನ 50 ವರ್ಷಗಳಲ್ಲಿ ಈ ತಂಡಕ್ಕೆ ಮುಖ್ಯ ತರಬೇತುದಾರರಾದವರು ಮೂವರೇ, ಮೂವರೂ ಮಹಿಳೆಯರು. ಎರಡನೆಯವರು ಮೊದಲನೆಯವರ ಶಿಷ್ಯೆ, ಮೂರನೆಯವರು ಅವರಿಬ್ಬರ ಶಿಷ್ಯೆ. ಕೋಚ್‌ಗಳನ್ನು ವರ್ಷಕ್ಕೊಮ್ಮೆ ಬದಲಾಯಿಸುವ ಇಂದಿನ ಕ್ರೀಡಾಲೋಕದಲ್ಲಿ ಇದು ಸಾಮಾನ್ಯ ಸಂಗತಿಯಲ್ಲ.

ಆಟದ ಪರಿಚಯ

ಸಾಫ್ಟ್‌ಬಾಲ್ ನಮ್ಮವರಿಗೆ ತೀರಾ ಅಪರಿಚಿತವೇನಲ್ಲ. ಮಹಾರಾಷ್ಟ್ರದ ಶಾಲಾ ಕ್ರೀಡೆಗಳಲ್ಲಿ ಅದಕ್ಕೆ ಸ್ಥಾನವಿದೆ. ಸೋಲಾಪುರದ ಕಡೆಯ ನಮ್ಮ ಕುಟುಂಬಗಳ ಮಕ್ಕಳಲ್ಲಿ ಕೆಲವರಾದರೂ ಅದನ್ನು ನೋಡಿರುತ್ತಾರೆ. ಆದರೂ ಗೊತ್ತಿಲ್ಲದವರಿಗಾಗಿ ಎರಡು ಮಾತು.

ಈ ಆಟ ಹುಟ್ಟಿದ್ದು 1887ರಲ್ಲಿ, ಷಿಕಾಗೋ ನಗರದ ಒಂದು ದೋಣಿ ಕ್ಲಬ್ಬಿನಲ್ಲಿ. ಫುಟ್‌ಬಾಲ್ ಪಂದ್ಯವೊಂದರ ಫಲಿತಾಂಶಕ್ಕಾಗಿ ಕಾಯುತ್ತಿದ್ದ ಯುವಕರಲ್ಲಿ ಒಬ್ಬನು ತಮಾಷೆಗೆ ಬಾಕ್ಸಿಂಗ್ ಕೈಗವಸನ್ನು ಎಸೆದನಂತೆ, ಇನ್ನೊಬ್ಬನು ಅದನ್ನು ಕೋಲಿನಿಂದ ಹೊಡೆದನಂತೆ. ಅಲ್ಲಿದ್ದ ಜಾರ್ಜ್ ಹ್ಯಾಂಕಾಕ್ ಎಂಬವರು ಅದಕ್ಕೆ ನಿಯಮಗಳನ್ನು ಮಾಡಿದರು. ಬೇಸ್‌ಬಾಲ್‌ನ ತಂಗಿ ಎಂದರೆ ತಪ್ಪಾಗಲಾರದು. ತಂಡದಲ್ಲಿ 9 ಮಂದಿ, ಆಟ 7 ಇನಿಂಗ್ಸ್. ಚೆಂಡನ್ನು ಎಸೆಯುವವಳು ಪಿಚರ್. ಅವಳು ಕೈಯನ್ನು ಗಿರಕಿ ಹೊಡೆಸಿ ಸೊಂಟದ ಕೆಳಗಿನಿಂದ ಚೆಂಡು ಬಿಡುತ್ತಾಳೆ. ಹೊಡೆಯುವವಳ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಅದನ್ನು ಹಿಡಿಯುವವಳು ಕ್ಯಾಚರ್. ಕಾಲೇಜು ಮಟ್ಟದಲ್ಲಿ ಇವರ ನಡುವಿನ ಅಂತರ ಕೇವಲ 43 ಅಡಿ. ಒಳ್ಳೆಯ ಪಿಚರ್ ಎಸೆದ ಚೆಂಡು ಗಂಟೆಗೆ 100 ಕಿಲೋಮೀಟರಿಗಿಂತ ವೇಗವಾಗಿ ಬರುವುದರಿಂದ ಹೊಡೆಯುವವಳಿಗೆ ಯೋಚಿಸಲು ಅರ್ಧ ಸೆಕೆಂಡೂ ಸಿಗುವುದಿಲ್ಲ. ಹೆಸರಿನಲ್ಲಿ 'ಸಾಫ್ಟ್' ಇದ್ದರೂ ಚೆಂಡು ಮೆತ್ತಗಿಲ್ಲ.

ಕಾಲೇಜು ತಂಡವೆಂದರೆ ಅಲ್ಲಿ ಒಬ್ಬರೇ ಕೋಚ್ ಅಲ್ಲ. ಮುಖ್ಯ ತರಬೇತುದಾರರ ಕೈಕೆಳಗೆ ಚೆಂಡೆಸೆತಕ್ಕೆ, ಹೊಡೆತಕ್ಕೆ, ಕ್ಯಾಚಿಂಗಿಗೆ ಎಂದು ಸಹಾಯಕರಿರುತ್ತಾರೆ. ಬಹಳ ವರ್ಷಗಳ ಕಾಲ ಸಂಬಳವಿರುವ ಸಹಾಯಕರು ಇಬ್ಬರು, ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕ ಸಹಾಯಕರು ಒಬ್ಬರು ಎಂಬ ನಿಯಮವಿತ್ತು. 2023ರಲ್ಲಿ ಆ ನಿಯಮವನ್ನು ಬದಲಿಸಿ ಮೂವರಿಗೂ ಸಂಬಳ ಕೊಡಬಹುದೆಂದು ಮಾಡಲಾಯಿತು. ಅಲ್ಲಿಯವರೆಗೆ, ಮುಂದೆ ಹೆಸರು ಮಾಡಿದ ಎಷ್ಟೋ ಕೋಚ್‌ಗಳು ಮೊದಲ ವರ್ಷಗಳನ್ನು ಕೈಯಿಂದ ಖರ್ಚು ಮಾಡಿಕೊಂಡೇ ಕಳೆದವರು.

ಗುರು ಮತ್ತು ಶಿಷ್ಯೆ

1972ರಲ್ಲಿ ಅಮೆರಿಕದಲ್ಲಿ 'ಟೈಟಲ್ ನೈನ್' ಎಂಬ ಕಾನೂನು ಬಂತು. ಸರಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಹೆಣ್ಣು ಗಂಡೆಂದು ಭೇದ ಮಾಡಬಾರದು ಎಂಬುದು ಅದರ ತಿರುಳು. ಕಾಲೇಜುಗಳು ಹುಡುಗಿಯರಿಗೂ ತಂಡಗಳನ್ನು ಕಟ್ಟತೊಡಗಿದವು. ಆ ಹೊತ್ತಿನಲ್ಲಿ, 1975ರಲ್ಲಿ, ಯು.ಸಿ.ಎಲ್.ಎ.ಯ ಸಾಫ್ಟ್‌ಬಾಲ್ ತಂಡವನ್ನು ವಹಿಸಿಕೊಂಡವರು ಶ್ಯಾರನ್ ಬಾಕಸ್. ಸ್ವತಃ ಹೆಸರಾಂತ ಆಟಗಾರ್ತಿಯಾಗಿದ್ದವರು. ಹುಡುಗಿಯರ ಆಟವನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ಇಡದಿದ್ದ ದಿನಗಳು ಅವು. ಬಾಕಸ್ ಅವರು ಮೂರೇ ವರ್ಷಗಳಲ್ಲಿ, 1978ರಲ್ಲಿ, ತಂಡಕ್ಕೆ ಮೊದಲ ರಾಷ್ಟ್ರೀಯ ಪ್ರಶಸ್ತಿಯನ್ನು ತಂದುಕೊಟ್ಟರು.

ಆ ಗೆದ್ದ ತಂಡದಲ್ಲಿ ಸೂ ಎನ್‌ಕ್ವಿಸ್ಟ್ ಎಂಬ ಹುಡುಗಿಯಿದ್ದಳು. ಈ ವಿಶ್ವವಿದ್ಯಾಲಯದಿಂದ ಸಾಫ್ಟ್‌ಬಾಲ್‌ನಲ್ಲಿ 'ಆಲ್ ಅಮೆರಿಕನ್' ಗೌರವ ಪಡೆದ ಮೊದಲಿಗಳು ಅವಳೇ. ಓದು ಮುಗಿದ ಮೇಲೆ, 1980ರಲ್ಲಿ, ಅವರು ಅದೇ ಮೈದಾನಕ್ಕೆ ಸಹಾಯಕ ಕೋಚ್ ಆಗಿ ಮರಳಿದರು. ಮುಂದಿನ ಲೆಕ್ಕವನ್ನು ನಾವು ನಿಧಾನವಾಗಿ ನೋಡಬೇಕು. 1980ರಿಂದ 1988ರವರೆಗೆ 9 ವರ್ಷ ಸಹಾಯಕಿ. 1989ರಿಂದ 1996ರವರೆಗೆ 8 ವರ್ಷ ಗುರುವಿನ ಜೊತೆಯಲ್ಲೇ ಜಂಟಿ ಮುಖ್ಯ ತರಬೇತುದಾರರು. 1997ರಿಂದ 2006ರವರೆಗೆ 10 ವರ್ಷ ತಾವೊಬ್ಬರೇ ಮುಖ್ಯಸ್ಥರು. ಅಂದರೆ ಪೂರ್ಣ ಜವಾಬ್ದಾರಿ ಕೈಗೆ ಬರುವ ಮೊದಲು ಅವರು 17 ವರ್ಷ ಇನ್ನೊಬ್ಬರೊಡನೆ ಕೆಲಸ ಮಾಡಿದರು.

ಇದರಲ್ಲಿ ಜಂಟಿ ಹೊಣೆಯ ಆ 8 ವರ್ಷಗಳು ನಮಗೆ ಹೆಚ್ಚು ಗಮನಾರ್ಹವಾಗಿ ಕಂಡವು. ಒಂದು ಒಲೆಯ ಮುಂದೆ ಅತ್ತೆ ಸೊಸೆ ಇಬ್ಬರೂ ನಿಂತರೆ ಏನಾಗುತ್ತದೆಂದು ನಮ್ಮ ಮನೆಗಳಲ್ಲಿ ಹೇಳಿಕೊಡಬೇಕಾಗಿಲ್ಲ. ಅಧಿಕಾರವನ್ನು ಹಂಚಿಕೊಳ್ಳುವುದು ಬಿಟ್ಟುಕೊಡುವುದಕ್ಕಿಂತಲೂ ಕಷ್ಟ. ಆದರೆ ಆ ಇಬ್ಬರೂ ಸೇರಿ ನಿಂತ ಕಾಲದಲ್ಲಿ ತಂಡ 1989, 1990 ಮತ್ತು 1992ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಬಾಕಸ್ ಅವರು ಬದಿಗೆ ಸರಿದಾಗ ಶಿಷ್ಯೆಗೆ ಕೆಲಸ ಹೊಸದಾಗಿರಲಿಲ್ಲ, ಹುಡುಗಿಯರಿಗೆ ಕೋಚ್ ಹೊಸಬರಾಗಿರಲಿಲ್ಲ.

ಮರೆಮಾಚಲಾಗದ ಒಂದು ವರ್ಷ

ಇಷ್ಟು ಹೇಳಿ ಒಂದು ಕಹಿ ಸಂಗತಿಯನ್ನು ಬಿಟ್ಟರೆ ಓದುಗರಿಗೆ ಅನ್ಯಾಯ ಮಾಡಿದಂತಾಗುತ್ತದೆ. 1995ರಲ್ಲಿ ಈ ತಂಡ ಅರಿಝೋನಾ ವಿಶ್ವವಿದ್ಯಾಲಯವನ್ನು ಸೋಲಿಸಿ ಮತ್ತೆ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತ್ತು. ಆದರೆ ಸಾಫ್ಟ್‌ಬಾಲ್ ಆಟಗಾರ್ತಿಯರಿಗೆ ನಿಯಮ ಹೇಳುವುದಕ್ಕಿಂತ ಹೆಚ್ಚು ವಿದ್ಯಾರ್ಥಿವೇತನಗಳನ್ನು ಕೊಟ್ಟದ್ದು ವಿಚಾರಣೆಯಲ್ಲಿ ಹೊರಬಿತ್ತು. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್.ಸಿ.ಎ.ಎ. ಸಂಸ್ಥೆ ಆ ಪ್ರಶಸ್ತಿಯನ್ನು ರದ್ದು ಮಾಡಿತು. ಇಂದಿಗೂ ಅಧಿಕೃತ ಪಟ್ಟಿಯಲ್ಲಿ ಆ ವರ್ಷದ ಗೆಲುವು ಈ ತಂಡದ ಲೆಕ್ಕಕ್ಕೆ ಇಲ್ಲ.

ಮೈದಾನದಲ್ಲಿ ಬೆವರು ಸುರಿಸಿದ ಹುಡುಗಿಯರು ಚೆಂಡನ್ನು ಹೊಡೆದದ್ದು ಸುಳ್ಳಲ್ಲ. ಆದರೂ ಕಾಗದಪತ್ರದಲ್ಲಿ ಹಿರಿಯರು ಮಾಡಿದ ತಪ್ಪಿಗೆ ಅವರ ಪದಕವೂ ಮಂಕಾಯಿತು. ಸೂ ಎನ್‌ಕ್ವಿಸ್ಟ್ ಅವರು ಒಬ್ಬರೇ ಮುಖ್ಯಸ್ಥರಾಗಿ ಕುರ್ಚಿಯಲ್ಲಿ ಕೂತದ್ದು ಈ ನೆರಳಿನಲ್ಲೇ. 1997ರಲ್ಲಿ ಅಂತಿಮ ಪಂದ್ಯದಲ್ಲಿ ಅರಿಝೋನಾ ಎದುರು 10-2ರ ಸೋಲು. 1999ರಲ್ಲಿ ವಾಷಿಂಗ್ಟನ್ ತಂಡದ ಮೇಲೆ 3-2ರಿಂದ ಗೆದ್ದಾಗ ತಂಡ ಮತ್ತೆ ತಲೆಯೆತ್ತಿತು. 2000 ಮತ್ತು 2001ರಲ್ಲಿ ಮತ್ತೆ ಅಂತಿಮ ಪಂದ್ಯದವರೆಗೆ ಹೋಗಿ ಸೋತರು. 2003 ಮತ್ತು 2004ರಲ್ಲಿ ಸತತ ಎರಡು ಬಾರಿ ಗೆದ್ದರು. 2006ರಲ್ಲಿ ನಿವೃತ್ತರಾದಾಗ, ಜಂಟಿ ಹೊಣೆಯ ವರ್ಷಗಳೂ ಸೇರಿ ಅವರ ಹೆಸರಿನಲ್ಲಿ 887 ಗೆಲುವು, 175 ಸೋಲು ಇದ್ದವು.

ಪಿಚರ್ ಮತ್ತು ಕ್ಯಾಚರ್

ಈಗ ಕಥೆಯ ಮುಖ್ಯ ಭಾಗಕ್ಕೆ ಬರೋಣ. 1990ರ ಆಸುಪಾಸಿನಲ್ಲಿ ಈ ತಂಡದಲ್ಲಿ ಇಬ್ಬರು ಹುಡುಗಿಯರು ಒಟ್ಟಿಗೆ ಆಡುತ್ತಿದ್ದರು. ಒಬ್ಬಳು ಕ್ಯಾಚರ್, ಹೆಸರು ಕೆಲ್ಲಿ ಇನೌಯೆ. ಇನ್ನೊಬ್ಬಳು ಪಿಚರ್, ಲೀಸಾ ಫೆರ್ನಾಂಡಿಸ್.

ಫೆರ್ನಾಂಡಿಸ್ ಎಂದ ಕೂಡಲೇ ನಮ್ಮ ಓದುಗರಲ್ಲಿ ಹಲವರು 'ಇವರು ನಮ್ಮ ಕಡೆಯವರೇ ಇರಬೇಕು' ಎಂದುಕೊಳ್ಳಬಹುದು. ಅಲ್ಲ; ಇವರ ತಂದೆ ಕ್ಯೂಬಾ ದೇಶದಿಂದ ಬಂದವರು, ತಾಯಿ ಪೋರ್ಟೊ ರಿಕೊ ಮೂಲದವರು. ಎಂಟು ವರ್ಷದವಳಿದ್ದಾಗ ಮೊದಲ ಬಾರಿಗೆ ಚೆಂಡೆಸೆದ ಪಂದ್ಯದಲ್ಲಿ ಅವಳ ತಂಡ 28-0ರಿಂದ ಸೋತಿತ್ತು. ಸ್ವಲ್ಪ ದೊಡ್ಡವಳಾದ ಮೇಲೆ ಒಬ್ಬ ತರಬೇತುದಾರರು, 'ನಿನ್ನ ಕೈಗಳ ಉದ್ದ ಸಾಲದು, 16 ದಾಟಿದ ಮೇಲೆ ನೀನು ಪಿಚರ್ ಆಗಿ ಉಳಿಯಲಾರೆ' ಎಂದು ಹೇಳಿಬಿಟ್ಟರು. ಹುಡುಗಿ ಅತ್ತಳು, ಆದರೆ ಬಿಡಲಿಲ್ಲ. ತಂದೆ ತಾಯಿಯೂ ಬಿಡಲು ಹೇಳಲಿಲ್ಲ.

ಆ ಗಿಡ್ಡ ಕೈಗಳ ಹುಡುಗಿ ಕಾಲೇಜಿನ ನಾಲ್ಕು ವರ್ಷಗಳಲ್ಲಿ ಪಿಚರ್ ಆಗಿ 93 ಪಂದ್ಯ ಗೆದ್ದು 7ರಲ್ಲಿ ಮಾತ್ರ ಸೋತಳು. 1993ರಲ್ಲಿ ಚೆಂಡೆಸೆತದಲ್ಲೂ ಹೊಡೆತದಲ್ಲೂ ಇಡೀ ದೇಶಕ್ಕೆ ಅವಳೇ ಮೊದಲಿಗಳು. ಆ ವರ್ಷದ ಶ್ರೇಷ್ಠ ಕಾಲೇಜು ಕ್ರೀಡಾಪಟುವಿಗೆ ಕೊಡುವ ಹೋಂಡಾ-ಬ್ರಾಡರಿಕ್ ಕಪ್ ಸಾಫ್ಟ್‌ಬಾಲ್ ಆಟಗಾರ್ತಿಯೊಬ್ಬಳಿಗೆ ಸಂದದ್ದು ಅದೇ ಮೊದಲು. ಮುಂದೆ 1996, 2000, 2004ರ ಒಲಿಂಪಿಕ್ಸ್‌ಗಳಲ್ಲಿ ಮೂರು ಚಿನ್ನದ ಪದಕಗಳು.

ಸಿಡ್ನಿಯ 2000ರ ಒಲಿಂಪಿಕ್ಸ್‌ನ ಒಂದು ಪಂದ್ಯವನ್ನು ಇಲ್ಲಿ ಹೇಳಲೇಬೇಕು. ಆಸ್ಟ್ರೇಲಿಯಾ ಎದುರು ಲೀಸಾ 25 ಮಂದಿಯನ್ನು ಸ್ಟ್ರೈಕ್ ಔಟ್ ಮಾಡಿದರು. ಒಂದೇ ಪಂದ್ಯದಲ್ಲಿ 25! ಆದರೂ ಆಟ 13ನೇ ಇನಿಂಗ್ಸ್‌ವರೆಗೆ ಎಳೆದು ಕೊನೆಯಲ್ಲಿ ಅಮೆರಿಕ 2-1ರಿಂದ ಸೋತಿತು. ಅದು ಆ ತಂಡದ ಸತತ ಮೂರನೇ ಸೋಲು. ಅಲ್ಲಿಂದ ಎದ್ದು, ಮುಂದಿನ ಪಂದ್ಯಗಳನ್ನೆಲ್ಲ ಗೆದ್ದು, ಅಂತಿಮ ಪಂದ್ಯದಲ್ಲಿ ಜಪಾನ್ ತಂಡವನ್ನು 2-1ರಿಂದ ಮಣಿಸಿ ಚಿನ್ನ ತಂದರು. ಆ ಅಂತಿಮ ಪಂದ್ಯದಲ್ಲೂ ಚೆಂಡೆಸೆದವರು ಲೀಸಾ ಅವರೇ. ತಾಯಿಯಾದ ಬಳಿಕವೂ ರಾಷ್ಟ್ರೀಯ ತಂಡಕ್ಕಾಗಿ ಮತ್ತೆ ಅಭ್ಯಾಸ ಮಾಡಿ, 2008ರ ಬೀಜಿಂಗ್ ತಂಡಕ್ಕೆ ಬದಲಿ ಆಟಗಾರ್ತಿಯಾಗಿ ಆಯ್ಕೆಯಾದರು.

ಕೆಲ್ಲಿ ಅವರ ದಾರಿ ಬೇರೆ. ಅವರಿಗೆ ಒಲಿಂಪಿಕ್ಸ್ ಪದಕವಿಲ್ಲ. 1989, 1990, 1992ರಲ್ಲಿ ಗೆದ್ದ ತಂಡಗಳಲ್ಲಿ ಇದ್ದರು. ಓದು ಮುಗಿಸಿ 1994ರಲ್ಲಿ ಸಹಾಯಕ ಕೋಚ್ ಆಗಿ ಸೇರಿದರು. ಒಂದಲ್ಲ ಎರಡಲ್ಲ, 13 ವರ್ಷ ಅದೇ ಸ್ಥಾನ. ಮದುವೆಯಾಗಿ ಕೆಲ್ಲಿ ಇನೌಯೆ-ಪೆರೆಝ್ ಆದರು. ಸೂ ಎನ್‌ಕ್ವಿಸ್ಟ್ ನಿವೃತ್ತರಾದಾಗ ತಂಡವನ್ನು ವಹಿಸಿಕೊಂಡವರು ಅವರೇ. 2007ರಿಂದ ಅವರು ಮುಖ್ಯ ತರಬೇತುದಾರರು.

ಹಾಗಾದರೆ ಮೂರು ಚಿನ್ನದ ಪದಕಗಳ ಲೀಸಾ ಏನಾದರು? ಅವರೂ ಅಲ್ಲೇ ಇದ್ದಾರೆ, ತಮ್ಮ ಹಳೆಯ ಕ್ಯಾಚರ್‌ನ ಸಹಾಯಕರಾಗಿ! ಹುಡುಗಿಯರಾಗಿದ್ದಾಗ ಪಿಚರ್ ಎಸೆದದ್ದನ್ನು ಕ್ಯಾಚರ್ ಹಿಡಿಯುತ್ತಿದ್ದಳು. ಜನ ಚಪ್ಪಾಳೆ ತಟ್ಟುತ್ತಿದ್ದುದು ಪಿಚರ್‌ಗೆ. ಈಗ ತೀರ್ಮಾನ ಹಳೆಯ ಕ್ಯಾಚರ್‌ನದು, ಅದನ್ನು ನಡೆಸಿಕೊಡುವುದು ಹಳೆಯ ಪಿಚರ್‌ನ ಕೆಲಸ. ಜಗತ್ತಿನ ಅತಿ ಶ್ರೇಷ್ಠ ಸಾಫ್ಟ್‌ಬಾಲ್ ಆಟಗಾರ್ತಿಯರ ಸಾಲಿನಲ್ಲಿ ಹೆಸರಿಸಲ್ಪಡುವ ಒಬ್ಬರು ಹೀಗೆ ಎರಡು ದಶಕಕ್ಕೂ ಹೆಚ್ಚು ಕಾಲ ಸಹಾಯಕ ಕೋಚ್ ಹುದ್ದೆಗಳಲ್ಲಿ ಉಳಿದು ಹುಡುಗಿಯರನ್ನು ತಿದ್ದಿದ್ದಾರೆ.

ಒಳಗೆ ಅವರಿಗೆ ಎಂದಾದರೂ ಬೇಸರ ಬಂದಿತೋ ಎಂಬುದು ನಾವು ಊಹಿಸಿ ಬರೆಯುವ ವಿಷಯವಲ್ಲ. ನಮ್ಮ ಕಣ್ಣಿಗೆ ಕಾಣುವುದು ಕೆಲಸದ ಫಲ. 2010ರಲ್ಲಿ, ಕೆಲ್ಲಿ ಅವರ ನಾಲ್ಕನೇ ವರ್ಷದಲ್ಲಿ, ತಂಡ ಅರಿಝೋನಾವನ್ನು ಎರಡು ಪಂದ್ಯಗಳಲ್ಲೂ ಸೋಲಿಸಿ ಪ್ರಶಸ್ತಿ ಗೆದ್ದಿತು. ಎನ್.ಸಿ.ಎ.ಎ.ಯ ಮೊದಲ ಶ್ರೇಣಿಯ ಸಾಫ್ಟ್‌ಬಾಲ್‌ನಲ್ಲಿ ಆಟಗಾರ್ತಿಯಾಗಿ, ಸಹಾಯಕಿಯಾಗಿ, ಮುಖ್ಯ ತರಬೇತುದಾರರಾಗಿ ಮೂರೂ ಸ್ಥಾನಗಳಲ್ಲಿ ಪ್ರಶಸ್ತಿ ಗೆದ್ದ ಮೊದಲಿಗರು ಎಂಬ ಹೆಸರು ಕೆಲ್ಲಿ ಅವರಿಗೆ ಬಂತು. ಮುಂದಿನ ಗೆಲುವಿಗೆ 9 ವರ್ಷ ಕಾಯಬೇಕಾಯಿತು. 2019ರ ಜೂನ್‌ನಲ್ಲಿ ಓಕ್ಲಹೋಮಾ ಎದುರು ಮೊದಲ ಪಂದ್ಯವನ್ನು 16-3ರಿಂದ ಗೆದ್ದವರು, ಎರಡನೆಯದರಲ್ಲಿ ಕೊನೆಯ ಇನಿಂಗ್ಸ್‌ನಲ್ಲಿ 4-4 ಸಮವಾಗಿದ್ದಾಗ ಕೊನೆಯ ಹೊಡೆತದಿಂದ 5-4ಕ್ಕೆ ಗೆದ್ದರು. ರದ್ದಾದದ್ದನ್ನು ಬಿಟ್ಟು ಎಣಿಸಿದರೆ ಎನ್.ಸಿ.ಎ.ಎ.ಯಲ್ಲಿ ಅದು ಈ ತಂಡದ 12ನೇ ಪ್ರಶಸ್ತಿ.

ಹೊರಟವರು, ಮರಳಿದವರು

ಎಲ್ಲರೂ ಒಂದೇ ಕಡೆ ಉಳಿಯಬೇಕೆಂದಿಲ್ಲ. ಕರ್ಕ್ ವಾಕರ್ ಎಂಬವರು ಬಾಕಸ್ ಮತ್ತು ಎನ್‌ಕ್ವಿಸ್ಟ್ ಅವರ ಕೈಕೆಳಗೆ ಸಹಾಯಕರಾಗಿದ್ದರು. 1995ರಲ್ಲಿ ಓರೆಗನ್ ಸ್ಟೇಟ್ ವಿಶ್ವವಿದ್ಯಾಲಯದ ತಂಡಕ್ಕೆ ಮುಖ್ಯ ಕೋಚ್ ಆಗಿ ಹೋದರು. ಅಲ್ಲಿ 18 ವರ್ಷ ಕೆಲಸ ಮಾಡಿ, 2006ರಲ್ಲಿ ಆ ತಂಡವನ್ನು ರಾಷ್ಟ್ರೀಯ ಅಂತಿಮ ಸುತ್ತಾದ 'ವಿಮೆನ್ಸ್ ಕಾಲೇಜ್ ವರ್ಲ್ಡ್ ಸೀರೀಸ್'ಗೆ ಮುಟ್ಟಿಸಿದರು. ಆಮೇಲೆ 2013ರಲ್ಲಿ ಹಳೆಯ ಮನೆಗೇ ಮರಳಿದರು, ಆದರೆ ಮುಖ್ಯಸ್ಥರಾಗಿ ಅಲ್ಲ, ಕೆಲ್ಲಿ ಅವರ ಸಹಾಯಕರಾಗಿ. 18 ವರ್ಷ ಯಜಮಾನಿಕೆ ನಡೆಸಿದವರು ಮತ್ತೆ ಇನ್ನೊಬ್ಬರ ಮಾತಿನಂತೆ ನಡೆಯಲು ಒಪ್ಪುವುದು ಸುಲಭವಲ್ಲ. ಊರಿನ ಸಂಘವೊಂದರ ಅಧ್ಯಕ್ಷರಾಗಿದ್ದವರು ಮುಂದಿನ ಅವಧಿಯಲ್ಲಿ ಕುರ್ಚಿ ಜೋಡಿಸಲು ಬರುವರೇ ಎಂದು ಯೋಚಿಸಿದರೆ ಇದರ ತೂಕ ತಿಳಿಯುತ್ತದೆ.

ಬಾಕಸ್ ಅವರ ಶಿಷ್ಯೆಯರಲ್ಲಿ ಡಾಟ್ ರಿಚರ್ಡ್‌ಸನ್ ಇನ್ನೊಂದು ಬಗೆಯವರು. ಆಟದ ಜೊತೆಗೆ ವೈದ್ಯಕೀಯ ಓದಿ ಮೂಳೆತಜ್ಞೆಯಾದರು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ನ ಅಂತಿಮ ಪಂದ್ಯದಲ್ಲಿ ಇವರು ಹೊಡೆದ ಹೋಮ್ ರನ್ ಅಮೆರಿಕಕ್ಕೆ ಚಿನ್ನ ತಂದಿತು. ಮುಂದೆ 2013ರಲ್ಲಿ ಲಿಬರ್ಟಿ ವಿಶ್ವವಿದ್ಯಾಲಯದ ಸಾಫ್ಟ್‌ಬಾಲ್ ತಂಡಕ್ಕೆ ಕೋಚ್ ಆದರು.

ಜೆನಿಫರ್ ಬ್ರಂಡೇಜ್ ಅವರ ಕಥೆ ಕೇಳಿದರೆ ನಗುವೂ ಬರುತ್ತದೆ. ಯು.ಸಿ.ಎಲ್.ಎ.ಯಲ್ಲೇ ಪಿಚರ್ ಆಗಿ ಬೆಳೆದು, ಒಲಿಂಪಿಕ್ಸ್ ಚಿನ್ನವನ್ನೂ ಗೆದ್ದ ಇವರು ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಸಹಾಯಕ ಕೋಚ್ ಆಗಿ ಹೋದರು. 2005ರ ಅಂತಿಮ ಹಣಾಹಣಿ ಮಿಷಿಗನ್ ಮತ್ತು ಯು.ಸಿ.ಎಲ್.ಎ. ನಡುವೆ. ಮೂರು ಪಂದ್ಯಗಳಲ್ಲಿ ಮೊದಲನೆಯದನ್ನು ಸೋತ ಮಿಷಿಗನ್ ಉಳಿದೆರಡನ್ನೂ ಗೆದ್ದಿತು. ಕೊನೆಯದು 10ನೇ ಇನಿಂಗ್ಸ್‌ವರೆಗೆ ಹೋಯಿತು. ತವರಿನಲ್ಲಿ ಕಲಿತ ಅಡುಗೆಯನ್ನು ಗಂಡನ ಮನೆಯಲ್ಲಿ ಮಾಡಿ ತವರಿನವರನ್ನೇ ಸೋಲಿಸಿದ ಹಾಗಾಯಿತು! ಕಲಿಸಿದವರಿಗೆ ಆ ದಿನ ನೋವಾಗಿದ್ದರೂ, ಕಲಿಸಿದ್ದು ಬೇರೆ ನೆಲದಲ್ಲೂ ಫಲ ಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ನಮ್ಮ ಮನೆಗಳಿಗೆ ಇದರಲ್ಲೇನಿದೆ?

ಇಲ್ಲಿ ಒಂದು ಅಂಕಿಅಂಶವನ್ನು ಹೇಳಬೇಕು. 1972ರ ಮೊದಲು ಅಮೆರಿಕದ ಕಾಲೇಜು ಮಹಿಳಾ ತಂಡಗಳ ತರಬೇತುದಾರರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಮಹಿಳೆಯರೇ ಆಗಿದ್ದರು. ಹುಡುಗಿಯರ ಆಟಕ್ಕೆ ಹಣ ಮತ್ತು ಗೌರವ ಬಂದ ಮೇಲೆ ಆ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಕೆಲಸಕ್ಕೆ ಸಂಬಳ ಬಂದಾಗ ಗಂಡಸರು ಬಂದರು, ಹೆಂಗಸರು ಹಿಂದೆ ಸರಿದರು. ಅಂಥ ಕಾಲದಲ್ಲಿ ಒಂದು ತಂಡ ತನ್ನ ಆಟಗಾರ್ತಿಯರಲ್ಲೇ ಮುಂದಿನ ಕೋಚನ್ನು ಗುರುತಿಸಿ, ಹತ್ತಾರು ವರ್ಷ ಪಕ್ಕದಲ್ಲಿ ನಿಲ್ಲಿಸಿಕೊಂಡು, ಕೆಲಸ ಕಲಿಸಿ, ನಂತರ ಜಾಗ ಬಿಟ್ಟುಕೊಟ್ಟದ್ದರಿಂದಲೇ ಈ ಸಾಲು ಕಡಿಯಲಿಲ್ಲ. ಅದು ತಾನಾಗಿಯೇ ಆದದ್ದಲ್ಲ.

ನಮ್ಮ ಊರುಗಳನ್ನು ನೋಡಿಕೊಳ್ಳೋಣ. ಗಡಿಯಾಚೆ ಕನ್ನಡ ಉಳಿಸಿಕೊಂಡು ಬಂದ ನಮ್ಮ ಶಾಲೆಗಳು, ಗಾಯನ ತಂಡಗಳು, ನಾಟಕ ಮಂಡಳಿಗಳು, ಸ್ವಸಹಾಯ ಸಂಘಗಳು ಎಷ್ಟೋ ಕಡೆ ಒಬ್ಬ ಮಾಸ್ತರು, ಒಬ್ಬ ಅಕ್ಕ ಇರುವವರೆಗೆ ಚೆನ್ನಾಗಿ ನಡೆಯುತ್ತವೆ. ಅವರು ವರ್ಗವಾಗಿ ಹೋದರೆ ಅಥವಾ ಕಣ್ಣುಮುಚ್ಚಿದರೆ ಹಾರ್ಮೋನಿಯಂ ಪೆಟ್ಟಿಗೆಗೆ ಬೀಗ ಬೀಳುತ್ತದೆ. ಪಕ್ಕದಲ್ಲಿ ಕೂತು ಕಲಿತವರು ಯಾರೂ ಇರುವುದಿಲ್ಲ. ಇದ್ದರೂ 'ನೀನಿನ್ನೂ ಚಿಕ್ಕವಳು' ಎಂದು ಅವಳ ಕೈಗೆ ಕೀಲಿಕೈ ಕೊಟ್ಟಿರುವುದಿಲ್ಲ. ಶ್ಯಾರನ್ ಬಾಕಸ್ ತಮ್ಮ ಶಿಷ್ಯೆಯೊಡನೆ 8 ವರ್ಷ ಕುರ್ಚಿ ಹಂಚಿಕೊಂಡದ್ದನ್ನು ನಾವು ನೆನಪಿಡಬೇಕಾದದ್ದು ಇದಕ್ಕೇ.

ತಂದೆ ತಾಯಂದಿರಿಗೆ ಇನ್ನೊಂದು ಮಾತು. ಮಗಳು ತಂಡದಲ್ಲಿ ಬದಲಿ ಆಟಗಾರ್ತಿಯೆಂದರೆ, ಮಗ ಕೆಲಸದಲ್ಲಿ ಇನ್ನೂ 'ಅಸಿಸ್ಟೆಂಟ್' ಎಂದರೆ ನಮ್ಮಲ್ಲಿ ಕೆಲವರು ಅದನ್ನು ಸಂಬಂಧಿಕರ ಮುಂದೆ ಹೇಳಲು ಹಿಂಜರಿಯುತ್ತಾರೆ. 'ಎಷ್ಟು ವರ್ಷದಿಂದ ಅದೇ ಜಾಗದಲ್ಲಿದ್ದೀಯ?' ಎಂದು ಊಟದ ಹೊತ್ತಿನಲ್ಲಿ ಕೇಳುತ್ತಾರೆ. ಕೆಲ್ಲಿ ಅವರು 13 ವರ್ಷ ಅದೇ ಜಾಗದಲ್ಲಿದ್ದರು. ಲೀಸಾ ಅವರು ಚಿನ್ನದ ಪದಕಗಳನ್ನು ಮನೆಯಲ್ಲಿಟ್ಟು ಸಹಾಯಕರ ಜಾಗದಲ್ಲೇ ಉಳಿದರು. ಕಾಯುವುದೆಲ್ಲ ಸೋಮಾರಿತನವಲ್ಲ. ಹಾಗೆಂದು ಕಾಯುವವರನ್ನು ಕಾಯಿಸುತ್ತಲೇ ಇರುವುದು ಹಿರಿಯರಿಗೆ ಶೋಭೆಯಲ್ಲ. ಒಂದು ದಿನ ಜಾಗ ಬಿಟ್ಟುಕೊಡಲೇಬೇಕು.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಪಟ್ಟಿಯಲ್ಲಿ ಸಾಫ್ಟ್‌ಬಾಲ್ ಮತ್ತೆ ಸೇರಿದೆ. ಆ ಪಂದ್ಯಗಳಿಗೆ ಗೊತ್ತುಮಾಡಿರುವುದು ದೂರದ ಓಕ್ಲಹೋಮಾ ಸಿಟಿಯ ಮೈದಾನವನ್ನು, ಅಂದರೆ ಈ ಲೇಖನದಲ್ಲಿ ಬಂದ ಎಷ್ಟೋ ಅಂತಿಮ ಪಂದ್ಯಗಳು ನಡೆದ ಊರನ್ನೇ. ಟಿ.ವಿ.ಯಲ್ಲಿ ಅವುಗಳನ್ನು ನೋಡಲು ಸಿಕ್ಕರೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಚೆಂಡೆಸೆಯುವ ಹುಡುಗಿಯನ್ನು ನೋಡಿದ ಮೇಲೆ, ಬೇಲಿಯ ಹಿಂದೆ ಕಾಗದ ಹಿಡಿದು ನಿಂತವರನ್ನೂ ಒಮ್ಮೆ ತೋರಿಸಿ. ಅದಕ್ಕೂ ಮೊದಲು, ಬರುವ ಕ್ರೀಡಾಕೂಟದ ದಿನ ಫೋಟೋ ತೆಗೆಯುವಾಗ, ಮೂಲೆಯಲ್ಲಿ ಚೆಂಡು ಎಣಿಸುತ್ತಿರುವ ಪಿ.ಟಿ. ಮಾಸ್ತರನ್ನೂ ಬಲೆ ಬಿಚ್ಚುತ್ತಿರುವ ಹುಡುಗನನ್ನೂ ಕೂಗಿ ಕರೆಯಿರಿ. ಅವರು 'ಬೇಡ, ಬೇಡ' ಎಂದಾರು. ಎರಡನೇ ಸಲ ಕರೆಯಿರಿ.